ಲಾಗ್ ನೋಡಿ ಪೋರ್ಟ್ ರಿಪೇರಿ ಮಾಡೂ ಸ್ಕ್ರಿಪ್ಟ್ ಪೋರ್ಟನ್ನ ಬೀಳಸಾಕತ್ತೈತಿ, ಏನ್ ಮಾಡ್ಲಿ?

ಪ್ರಶ್ನೆ: ಬಾಗಲಕೋಟಿ ನವನಗರದಾಗ ಸಣ್ಣದೊಂದು ಇಂಟರ್ನೆಟ್ ನೆಟ್‌ವರ್ಕ್ ನೋಡ್ಕೋತೀನ್ರಿ. ಸಿಸ್ಕೋ ಸ್ವಿಚ್‌ಗಳ ಸಿಸ್‌ಲಾಗ್ (ಏನೇನಾತು ಅಂತ ಸ್ವಿಚ್ಚು ಬರದು ಕಳಸೂ ಸಾಲು) ಎಲ್ಲಾ ಒಂದ್ ಲಿನಕ್ಸ್ ಸರ್ವರ್‌ಗೆ ಬರ್ತಾವು. 'ಲೈನ್‌ಪ್ರೋಟೋ-5-ಅಪ್‌ಡೌನ್' ಅಂತ ಬಂದು ಪೋರ್ಟ್ ಡೌನ್ ಅಂದ್ರ ಆ ಪೋರ್ಟ್ ಶಟ್ ಮಾಡಿ (ಬಂದ್ ಮಾಡಿ) ನೋ ಶಟ್ ಕೊಡೂ (ಮತ್ತ ಚಾಲೂ ಮಾಡೂ) ಸ್ಕ್ರಿಪ್ಟ್ ಬರದೀನಿ. ಮೊನ್ನೆ ಕರೆಂಟ್ ಹೋಗಿ ಬಂದಮ್ಯಾಲೆ ಒಂದ್ ಪೋರ್ಟ್ ಬೆಳತನಾ ಬೀಳೂದು ಏಳೂದು ನಡೀತು. ತಪ್ಪು ಎಲ್ಲೈತ್ರಿ?

ಉತ್ತರ: ಸ್ಕ್ರಿಪ್ಟ್ ತನ್ನ ಕೆಲಸಕ್ಕ ತಾನ ಹೆದರಿ ಮತ್ತ ಅದ ಕೆಲಸ ಮಾಡಾಕತ್ತೈತ್ರಿ. ನೀವು ಶಟ್ ಕೊಟ್ಟ ಕೂಡ್ಲೇ ಸ್ವಿಚ್ಚು 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಅಂತ ಒಂದ್ ಸಾಲು ಬರೀತೈತಿ, ಅದರ ಬೆನ್ನಿಗೇ ಅದ ಲೈನ್‌ಪ್ರೋಟೋ ಡೌನ್ ಸಾಲೂ ಬರ್ತೈತಿ, ಪೋರ್ಟ್ ತಾನಾಗಿ ಬಿತ್ತೋ ನೀವ ಬೀಳ್ಸಿದ್ರೋ ಅಂತ ಸ್ಕ್ರಿಪ್ಟಿಗೆ ಹೆಂಗ ಗೊತ್ತಾಗ್ಬೇಕು, ಮತ್ತ ಶಟ್ ಕೊಡ್ತೈತಿ. ಇವತ್ತ ಮಾಡೂದು ಇಷ್ಟ: ಕೈ ಹಚ್ಚೂಕಿಂತ ಮೊದ್ಲ ಪೋರ್ಟ್ ಹೆಸರು ಒಂದ್ ಫೈಲಿನ್ಯಾಗ ಬರದಿಡ್ರಿ, ಮುಂದಿನ 10 ನಿಮಿಷ ಆ ಪೋರ್ಟಿನ ಯಾವ ಸಾಲಿಗೂ ಓಗೊಡಬ್ಯಾಡ್ರಿ.

ಆದ್ರ ದೊಡ್ಡ ತಪ್ಪು ಬ್ಯಾರೆ ಐತಿ. ಡೌನ್ ಅಂತ ಒಂದ್ ಸಾಲು ಬಂತಂದ್ರ ಫಾಲ್ಟ್ ಆತು ಅಂತ ಅಲ್ರಿ. ಕರೆಂಟ್ ಹೋದಾಗ ಗಿರಾಕಿ ಮನ್ಯಾಗಿನ ರೂಟರ್ ಆಫ್ ಆಗ್ತೈತಿ, ಬಂದ ಮ್ಯಾಲೆ ತಾನ ಎದ್ದು ಕುಂದರ್ತೈತಿ, ಅದರಾಗ ನಿಮ್ಮ ಕೈಗೆ ಕೆಲಸಾನ ಇಲ್ಲ. 'ಸೆಕ್' ಅಂತ ಪರ್ಲ್‌ನಾಗ ಬರದ ಒಂದ್ ಫ್ರೀ ಪ್ರೋಗ್ರಾಮ್ ಐತಿ, ಸಿಂಪಲ್ ಇವೆಂಟ್ ಕೋರಿಲೇಟರ್ ಅಂತಾರ. ಅದರಾಗಿನ 'ಪೇರ್ ವಿತ್ ವಿಂಡೋ' ರೂಲ್ ನಿಮಗ ಹೇಳಿ ಮಾಡ್ಸಿದ್ದು: ಡೌನ್ ಬಂದ್ರ 180 ಸೆಕೆಂಡ್ ಕಾಯಿ, ಅಷ್ಟರಾಗ ಅದ ಪೋರ್ಟಿನ ಅಪ್ ಬಂದ್ರ ಸುಮ್ನಿರು, ಬರ್ಲಿಲ್ಲಂದ್ರ ಮಾತ್ರ ಮುಂದಿನ ಕೆಲಸ ಮಾಡು. ಹತ್ತು ನಿಮಿಷದಾಗ ಐದು ಸಲ ಬಿತ್ತಂದ್ರ ಸ್ಕ್ರಿಪ್ಟಿಗೆ ಮುಟ್ಟಾಕ ಬಿಡಬ್ಯಾಡ್ರಿ, ನಿಮ್ಮ ಮೊಬೈಲಿಗೆ ಮೆಸೇಜ್ ಬರೂ ಹಂಗ ಮಾಡ್ರಿ. ಮಡಚಿದ ಫೈಬರು, ಸಡಿಲಾದ ಕನೆಕ್ಟರು ಶಟ್ ನೋ ಶಟ್‌ನಿಂದ ರಿಪೇರಿ ಆಗಂಗಿಲ್ಲ, ಯಾರರ ಹೋಗಿ ನೋಡಾಕ ಬೇಕು.

ಶಟ್ ನೋ ಶಟ್ ಖರೇನ ಕೆಲಸಕ್ಕ ಬರೂದು ಪೋರ್ಟ್ ಎರರ್ ಡಿಸೇಬಲ್ ಆದಾಗ, ಅಂದ್ರ ಏನರ ತಪ್ಪು ಕಂಡು ಸ್ವಿಚ್ಚ ತಾನಾಗಿ ಪೋರ್ಟ್ ಬಂದ್ ಮಾಡಿದಾಗ. ಅದಕ್ಕ 'ಪಿಎಂ-4-ಎರರ್ ಡಿಸೇಬಲ್' ಸಾಲು ಹಿಡೀರಿ. ಇದಕ್ಕೂ ಸ್ಕ್ರಿಪ್ಟ್ ಬೇಕಂತಿಲ್ಲ, ಸ್ವಿಚ್ಚಿನ್ಯಾಗ ಎರರ್ ಡಿಸೇಬಲ್ ರಿಕವರಿ ಐತಿ, ಯಾವ ಕಾರಣಕ್ಕ ಆನ್ ಮಾಡ್ತೀರಿ ಅದಕ್ಕ ಡಿಫಾಲ್ಟ್ 300 ಸೆಕೆಂಡಿಗೆ ಪೋರ್ಟ್ ತಾನ ಎಬ್ಬಸ್ತೈತಿ. ಲೂಪ್ ಆಗಿ (ಡೇಟಾ ನೆಟ್‌ವರ್ಕಿನ್ಯಾಗ ಸುತ್ತಿ ಸುತ್ತಿ ವಾಪಸ್ ಬಂದು) ಬಂದ್ ಆದ ಪೋರ್ಟಿಗೆ ಮಾತ್ರ ಇದನ್ನ ಹಚ್ಚಬ್ಯಾಡ್ರಿ, ಲೂಪ್ ಹಂಗ ಇತ್ತಂದ್ರ ಪೋರ್ಟ್ ಎದ್ದ ಕೂಡ್ಲೇ ಅದೂ ವಾಪಸ್ ಬರ್ತೈತಿ.

ಇನ್ನೊಂದು, ನೀವು ಕೇಳಿಲ್ಲ ಆದ್ರ ಹೇಳ್ತೀನಿ. ಸಿಸ್‌ಲಾಗ್ ಸಾಮಾನ್ಯಕ್ಕ ಯುಡಿಪಿ ಅನ್ನೂ ಪದ್ಧತಿಯಾಗ 514 ನಂಬರಿನ ಪೋರ್ಟಿನ ಮ್ಯಾಲೆ ಬರೂದು (ಇದು ಸ್ವಿಚ್ಚಿನ ಪೋರ್ಟ್ ಅಲ್ಲ, ಬರೇ ನಂಬರ್), ನಡುವ ಕಳದ್ರ ಮತ್ತ ಕಳಸವ್ರು ಇಲ್ಲ. ನಿಮ್ಮ ಸರ್ವರ್‌ಗೆ ಬರೂ ಅಪ್‌ಲಿಂಕೇ ಬಿತ್ತಂದ್ರ 'ನಾ ಬಿದ್ದೆ' ಅನ್ನೂ ಸಾಲು ನಿಮಗ ಮುಟ್ಟೂದ ಇಲ್ರಿ. ಅದಕ್ಕ ಅಪ್‌ಲಿಂಕಿನ ಕೆಲಸ ಸ್ವಿಚ್ಚಿನ್ಯಾಗ ಇರೂ ಎಂಬೆಡೆಡ್ ಇವೆಂಟ್ ಮ್ಯಾನೇಜರಿಗೆ ಒಪ್ಪಸ್ರಿ (ನಿಮ್ಮ ಮಾಡೆಲ್‌ನಾಗ ಇದ್ರ), ಅದು ಲಾಗ್ ಸಾಲು ಅಲ್ಲೇ ಓದಿ ಅಲ್ಲೇ ಕೆಲಸ ಮಾಡ್ತೈತಿ, ಇಷ್ಟ್ ಸೆಕೆಂಡಿನ್ಯಾಗ ಇಷ್ಟ್ ಸಲ ಬಂದ್ರ ಮಾತ್ರ ಅಂತ ಎಣಸೂದೂ ಅದಕ್ಕ ಬರ್ತೈತಿ. ಎನ್‌ಟಿಪಿನೂ (ನೆಟ್‌ವರ್ಕ್ ಮ್ಯಾಲಿಂದ ಗಡಿಯಾರ ಸರಿ ಮಾಡೂದು) ಹಚ್ಚ್ರಿ. ಬ್ಯಾಟರಿ ಗಡಿಯಾರ ಇಲ್ಲದ ಸಿಸ್ಕೋ ಸ್ವಿಚ್ಚು ಕರೆಂಟ್ ಹೋಗಿ ಬಂದ್ರ 1993ರ ಮಾರ್ಚ್ 1ಕ್ಕ ಹೋಗಿ ನಿಂತಿರ್ತೈತಿ, ಅಂಥಾ ಟೈಮ್ ನಂಬಿ 10 ನಿಮಿಷ ಎಣಸಾಕ ಹೋದ್ರ ಲೆಕ್ಕ ಎಲ್ಲಾ ತಪ್ಪತೈತಿ, ಅಲ್ಲೀತನಾ ಸರ್ವರ್‌ಗೆ ಸಾಲು ಬಂದ ಟೈಮ್ ಹಿಡದು ಎಣಸ್ರಿ.