ನವೆಂಬರ್ 11ರ ರಜೆ: ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಫ್ರಾನ್ಸಿನಲ್ಲಿ ಮೊದಲ ಮಹಾಯುದ್ಧದ ಮುಕ್ತಾಯವನ್ನು ನೆನೆಯುವ ನವೆಂಬರ್ 11ರ ರಜೆಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಗೆದ್ದವರ ಸಂಭ್ರಮಕ್ಕಾಗಿ ನೂರು ವರ್ಷಗಳ ಮೇಲೂ ದುಡಿಮೆಯ ದಿನವೊಂದನ್ನು ಕಳೆಯಬೇಕೆ, ಹತ್ತಿರದ ಭಾನುವಾರ ಆಚರಿಸಿದರೆ ಸಾಲದೆ ಎಂದು ಕೇಳಿದ್ದೀರಿ. ಆ ಯುದ್ಧದಲ್ಲಿ ಬ್ರಿಟಿಷರ ಪರ ಕಾದಿದ ಮೈಸೂರು ಸಂಸ್ಥಾನದ ಅಶ್ವದಳಕ್ಕೂ ಯುದ್ಧ ಅಂದೇ ಮುಗಿಯಿತೆ ಎಂಬುದು ತಮ್ಮ ಎರಡನೆಯ ಪ್ರಶ್ನೆ.

ತಾವು ಸೂಚಿಸಿದ ಏರ್ಪಾಡನ್ನು ಫ್ರಾನ್ಸ್ ಒಮ್ಮೆ ಮಾಡಿಯೇ ನೋಡಿತ್ತು. 1921ರಲ್ಲಿ ನವೆಂಬರ್ 11 ಶುಕ್ರವಾರ ಬಂದಾಗ ಆಚರಣೆಯನ್ನು 13ರ ಭಾನುವಾರಕ್ಕೆ ಸರಿಸಲಾಯಿತು. ಅದಕ್ಕೆ ಅಡ್ಡ ನಿಂತವರು ಯುದ್ಧದಿಂದ ಬದುಕಿ ಮರಳಿದ ಸೈನಿಕರು. ಅವರ ಸಂಘಗಳು ಪಟ್ಟು ಬಿಡದೆ ಒತ್ತಾಯಿಸಿದ್ದರಿಂದಲೇ 1922ರ ಅಕ್ಟೋಬರ್ 24ರ ಕಾನೂನು ನವೆಂಬರ್ 11ನ್ನೇ ರಜೆಯೆಂದು ಗೊತ್ತುಮಾಡಿತು.

ಅವರು ಹಾಗೆ ಪಟ್ಟು ಹಿಡಿಯಲು ಕಾರಣವಿತ್ತು. ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲು ಬೋಗಿಯಲ್ಲಿ 1918ರ ನವೆಂಬರ್ 11ರ ಬೆಳಗಿನ ಜಾವ ಸಹಿಯಾದದ್ದು ಜರ್ಮನಿಯೊಡನೆ ಬರಿಯ 36 ದಿನಗಳ ಕದನವಿರಾಮ. ಶಾಂತಿ ಒಪ್ಪಂದಕ್ಕೆ ವರ್ಸೇಲ್ಸ್‌ನಲ್ಲಿ ಸಹಿ ಬಿದ್ದದ್ದು 1919ರ ಜೂನ್ 28ರಂದು. ಕಂದಕದಲ್ಲಿದ್ದವನ ಪಾಲಿಗೆ ಯುದ್ಧ ಮುಗಿದದ್ದು ಮಾತ್ರ ನವೆಂಬರ್ 11ರ ಬೆಳಿಗ್ಗೆ ತೋಪುಗಳು ನಿಂತ ಹನ್ನೊಂದು ಗಂಟೆಗೆ. ಸಹಿಗೂ ಆ ಗಂಟೆಗೂ ನಡುವೆ ಸಾವು ನಿಂತಿರಲಿಲ್ಲ. ಸೇನೆ ಸೇರುವ ಮುನ್ನ ಕುರಿ ಕಾಯುತ್ತಿದ್ದ ಅಗಸ್ಟಿನ್ ಟ್ರೆಬುಶೊನ್ ಎಂಬ ಸೈನಿಕ ಸಂದೇಶವೊಂದನ್ನು ಹೊತ್ತು ಓಡುತ್ತಿದ್ದಾಗ, ವ್ರಿನ್ಯ್ ಮ್ಯೂಸ್ ಎಂಬಲ್ಲಿ, ಹನ್ನೊಂದಕ್ಕೆ ಕೆಲವೇ ನಿಮಿಷಗಳಿರುವಾಗ ಗುಂಡಿಗೆ ಬಲಿಯಾದ. ಅವನ ಸಮಾಧಿಯ ಮೇಲಿರುವ ದಿನಾಂಕ ನವೆಂಬರ್ 10! ಕೊನೆಯ ದಿನವೂ ಜನ ಸತ್ತರೆಂದು ಬರೆಯಲು ಸೇನೆಗೆ ಮುಜುಗರವಾಗಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಪ್ಯಾರಿಸ್ಸಿನ ಕವಾಯತನ್ನು ಮಾತ್ರ ನೋಡಿದವರಿಗೆ ಅದರಲ್ಲಿ ಗೆಲುವಿನ ಗತ್ತು ಕಂಡರೆ ಆಶ್ಚರ್ಯವಿಲ್ಲ. ಆದರೆ ಸುಮಾರು 14 ಲಕ್ಷ ಸೈನಿಕರನ್ನು ಕಳೆದುಕೊಂಡ ಆ ದೇಶದಲ್ಲಿ ಸ್ಮಾರಕವಿಲ್ಲದ ಹಳ್ಳಿ ಅಪರೂಪ. ಅಂದು ಊರಿನವರು ಅದರ ಮುಂದೆ ಸೇರುತ್ತಾರೆ. ಕಲ್ಲಿನಲ್ಲಿ ಕೊರೆದ ಹೆಸರುಗಳನ್ನು ಒಂದೊಂದಾಗಿ ಓದಿದಂತೆ, ಪ್ರತಿ ಹೆಸರಿಗೂ 'ಫ್ರಾನ್ಸಿಗಾಗಿ ಮಡಿದವನು' ಎಂಬ ಉತ್ತರ ಬರುತ್ತದೆ. ಒಂದೇ ಮನೆತನದ ಹೆಸರು ಮೂರು ನಾಲ್ಕು ಸಲ ಬರುವುದೂ ಉಂಟು. ಇದನ್ನು ಸಂಭ್ರಮವೆನ್ನಲು ನನಗೆ ಮನಸ್ಸಾಗದು. ರಜೆಗೆ ಇನ್ನೊಂದು ದಿನ ಸೇರಿಸಿಕೊಂಡು ಪ್ರವಾಸ ಹೊರಡುವವರು ಅಲ್ಲಿಯೂ ಇದ್ದಾರೆನ್ನಿ. 2012ರ ಕಾನೂನಿನ ನಂತರ ಈ ದಿನ, ಎಲ್ಲ ಯುದ್ಧಗಳಲ್ಲೂ ಕಾರ್ಯಾಚರಣೆಗಳಲ್ಲೂ ಫ್ರಾನ್ಸಿಗಾಗಿ ಮಡಿದವರ ಸ್ಮರಣೆಗೆ ಸಲ್ಲುತ್ತದೆ.

ಇನ್ನು ಮೈಸೂರು ಅಶ್ವದಳದ ವಿಚಾರ. ನಮ್ಮವರು ಕಾದಿದ್ದು ಫ್ರಾನ್ಸಿನಲ್ಲಲ್ಲ, ತುರ್ಕರ ವಿರುದ್ಧ ಪ್ಯಾಲೆಸ್ಟೈನ್ ಮತ್ತು ಸಿರಿಯಾಗಳಲ್ಲಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ಬಂದರು ನಗರವನ್ನು ಗೆದ್ದವರು, ಅಕ್ಟೋಬರ್ 26ರಂದು ಅಲೆಪ್ಪೊ ಸಮೀಪದ ಹರಿತಾನಿನಲ್ಲಿ ಮತ್ತೆ ಕಾದಿದರು. ತುರ್ಕಿಯೊಡನೆ ಮುದ್ರೋಸ್‌ನಲ್ಲಿ ಆದ ಕದನವಿರಾಮ ಅಕ್ಟೋಬರ್ 31ರ ಮಧ್ಯಾಹ್ನ ಜಾರಿಗೆ ಬಂದಿತು. ಆದ್ದರಿಂದ ಅವರ ಪಾಲಿನ ಯುದ್ಧ ನವೆಂಬರ್ 11ಕ್ಕಿಂತ ಹನ್ನೊಂದು ದಿನ ಮೊದಲೇ ಮುಗಿದಿತ್ತು. ಭಾರತೀಯ ಸೇನೆ ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಆಚರಿಸುತ್ತದೆ. ಅದು ಸಾರ್ವಜನಿಕ ರಜೆಯಲ್ಲ. ಬೆಂಗಳೂರಿಗೆ ಬಂದಾಗ ಬಿಡುವಿದ್ದರೆ, ಜಯಚಾಮರಾಜೇಂದ್ರ ನಗರದಲ್ಲಿ ಈ ದಳದ ಸ್ಮಾರಕವನ್ನು ನೋಡಬಹುದು.

ಸಂಪಾದಕ