ಬಿಸಿಲಿಗೆ ಸುಟ್ಟ ಚರ್ಮಕ್ಕೆ ಬೆಣ್ಣೆ, ತುಪ್ಪ, ಎಮು ಎಣ್ಣೆ ಹಚ್ಚಬಹುದಾ?

ಚಿತ್ರದುರ್ಗದ ಕೋಟೆ ಸುತ್ತಿ ಬಂದ ಮೇಲೆ ಕತ್ತು, ಭುಜ ಕೆಂಪಗಾಗಿ ಉರಿಯುತ್ತಿದೆ, ಮನೆಯಲ್ಲಿ ಬೆಣ್ಣೆ ಹಚ್ಚು ಅಂತಾರೆ, ಗೆಳೆಯ ಎಮು ಹಕ್ಕಿಯ ಎಣ್ಣೆ ತರಿಸು ಅಂತಾನೆ ಎಂದು ಬರೆದಿದ್ದೀರಿ. ಇವತ್ತೇ ಸುಟ್ಟಿದ್ದರೆ ಎರಡೂ ಬೇಡ. ಮೊದಲು ತಣ್ಣೀರು.

ನಾನು ದಾವಣಗೆರೆಯವಳು, ನಮ್ಮೂರಲ್ಲಿ ಬೆಣ್ಣೆಗೆ ಬರವಿಲ್ಲ. ಹೋದ ವರ್ಷ ಏಪ್ರಿಲ್‌ನಲ್ಲಿ ಮಗ ಮಧ್ಯಾಹ್ನವೆಲ್ಲ ಬನಿಯನ್‌ನಲ್ಲೇ ಕ್ರಿಕೆಟ್ ಆಡಿ ಬಂದ. ಮುಟ್ಟಿದರೆ ಭುಜ ಕಾದ ಹಂಚಿನ ಹಾಗಿತ್ತು, ಗಾಬರಿಯಲ್ಲಿ ಫ್ರಿಜ್ಜಿನ ಬೆಣ್ಣೆ ತೆಗೆದು ದಪ್ಪಗೆ ಬಳಿದುಬಿಟ್ಟೆ. ಐದು ನಿಮಿಷ ಹಾಯೆನಿಸಿತು, ಆಮೇಲೆ ಉರಿ ತಡೆಯಲಾಗದೆ ರಾತ್ರಿಯಿಡೀ ಬೋರಲು ಮಲಗಿ ಅತ್ತ. ಜಿಡ್ಡು ಮುಚ್ಚಳದ ಹಾಗೆ ಕೂತು ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬಿಸಿಲಿನ ಸುಟ್ಟಗಾಯ ಹೇಗಿದ್ದರೂ 12ರಿಂದ 24 ಗಂಟೆವರೆಗೆ ಏರುತ್ತಲೇ ಹೋಗುತ್ತದೆ. ಹಾಗಾಗಿ ಒದ್ದೆ ಬಟ್ಟೆ ಹಾಕಿ, ಆಗಾಗ ಬದಲಿಸಿ, ನೀರು ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಐಸ್ ಮಾತ್ರ ನೇರವಾಗಿ ಇಡಬೇಡಿ.

ಉರಿ ಇಳಿದು ಚರ್ಮ ಬಿಗಿದು ಸಿಪ್ಪೆ ಏಳಲು ಶುರುವಾಗುತ್ತದಲ್ವಾ, ಜಿಡ್ಡಿನ ಕೆಲಸ ಇರುವುದು ಆಗ. ನಮ್ಮತ್ತೆ ತೊಳೆದ ತುಪ್ಪ ಮಾಡುತ್ತಾರೆ. ತಾಮ್ರದ ತಟ್ಟೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಅಂಗೈಯಲ್ಲಿ ಉಜ್ಜುವುದು, ನೀರು ಚೆಲ್ಲುವುದು, ಮತ್ತೆ ಹಾಕುವುದು, ಹೀಗೆ ನೂರು ಸಲ. ಕೊನೆಗೆ ಬೆಳ್ಳಗೆ, ಹಗುರಾಗಿ, ತುಪ್ಪದ ವಾಸನೆಯೇ ಇಲ್ಲದ ಕ್ರೀಮಿನ ಹಾಗಾಗುತ್ತದೆ. ಆಯುರ್ವೇದದಲ್ಲಿ ಇದೇ ಶತಧೌತ ಘೃತ. ಮೂರನೇ ದಿನ ತೆಳುವಾಗಿ ಸವರಿದಾಗ ಮಗನ ಭುಜ ಮೆತ್ತಗಾಯಿತು.

ಎಮು ಎಣ್ಣೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಳೆಯ ಔಷಧಿ. ಅದು ಆ ಹಕ್ಕಿಯ ಕೊಬ್ಬು, ಒಣಗಿದ ಚರ್ಮವನ್ನು ಮೃದು ಮಾಡುತ್ತದೆ. ಆದರೆ ಅಷ್ಟು ದುಡ್ಡು ಕೊಟ್ಟು ತರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕುರಿ ಉಣ್ಣೆಯ ಜಿಡ್ಡಿನಿಂದ ಬರುವ ಲ್ಯಾನೊಲಿನ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಕೆಲವರಿಗೆ ಅಲರ್ಜಿ ಆಗುತ್ತದೆ, ಮೊದಲು ಕೈ ಮೇಲೆ ಸ್ವಲ್ಪ ಹಚ್ಚಿ ನೋಡಿ.

ಜಾತ್ರೆಯಲ್ಲಿ, ಸಂತೆಯಲ್ಲಿ ಉಡದ ಎಣ್ಣೆ, ನವಿಲೆಣ್ಣೆ ಅಂತ ಬಾಟಲಿ ಹಿಡಿದು ಬರುವವರ ಹತ್ತಿರ ದಯವಿಟ್ಟು ಏನೂ ಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಆ ಪ್ರಾಣಿಗಳನ್ನು ಕೊಲ್ಲುವುದೇ ಅಪರಾಧ, ಬಾಟಲಿಯಲ್ಲಿ ನಿಜಕ್ಕೂ ಏನಿದೆ ಅಂತ ಹೇಳುವವರೂ ಇಲ್ಲ.

ಇನ್ನೊಂದು, ಇವನ್ನು ಹಚ್ಚಿಕೊಂಡ ಧೈರ್ಯದಲ್ಲಿ ಮತ್ತೆ ಬಿಸಿಲಿಗೆ ಹೋಗಬೇಡಿ, ಯಾವುದೂ ಬಿಸಿಲು ತಡೆಯುವುದಿಲ್ಲ. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ಅದರ ಮೇಲೆ ಯಾವ ಜಿಡ್ಡೂ ಬೇಡ. ಜ್ವರ, ವಾಂತಿ, ತಲೆಸುತ್ತು ಬಂದರೆ ಬೆಳಗಾಗಲಿ ಅಂತ ಕಾಯದೆ ಡಾಕ್ಟರ್ ಹತ್ತಿರ ಹೋಗಿ.