ಕರಿಮಣ್ಣಿನ ಅಂಗಳದಲ್ಲಿ ಬೊಡ್ಡೆ ತೆಗೆಯುವುದು: ಮೇಲಿನ ಪ್ರಶ್ನೆಗೆ ಉತ್ತರ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ, ಫೋಟೋನೂ ನೋಡಿದೆ. ಕಲಬುರಗಿಯಲ್ಲಿ ಮನೆ, ಕರಿಮಣ್ಣು. ಕಂಪೌಂಡ್ ಗೋಡೆ ಪಕ್ಕ ಕಡಿಸಿದ ಬೇವಿನ ಬೊಡ್ಡೆ (ಮರ ಕಡಿದ ಮೇಲೆ ಉಳಿಯುವ ಬುಡ), ಹಿತ್ತಲಲ್ಲಿ ಸರ್ಕಾರಿ ಜಾಲಿ ಬೊಡ್ಡೆ. ಓಣಿ ಸಣ್ಣದು, ಜೆಸಿಬಿ ಒಳಗೆ ಬರುವುದಿಲ್ಲ. ಮಳೆಗೆ ಮೊದಲೇ ತೆಗೆಸಿ ಅಂಗಳಕ್ಕೆ ಪರ್ಸಿ, ಅಂದರೆ ಹಾಸುಗಲ್ಲು, ಹಾಕಿಸಬೇಕು ಅಂತ ನಿಮ್ಮ ಆಸೆ.

ಮೊದಲು ಒಂದು ಮಾತು. ಈ ಮೇ ತಿಂಗಳ ಬಿಸಿಲಲ್ಲಿ ಅಗೆಸಬೇಡಿ. ಈಗ ನಮ್ಮ ಕರಿಮಣ್ಣು ಕಲ್ಲಾಗಿರುತ್ತದೆ, ಹಾರೆ ಹಾಕಿದರೆ ಕೈಗೆ ಝುಮ್ ಅನ್ನುತ್ತದೆ. ಕೂಲಿಯವರು ಒಂದು ದಿನದ ಕೆಲಸಕ್ಕೆ ಮೂರು ದಿನ ತಗೋತಾರೆ, ಅದು ಅವರ ತಪ್ಪೂ ಅಲ್ಲ. ಜೋರು ಮಳೆಯ ಮರುದಿನವೂ ಬೇಡ, ಸಲಿಕೆಗೆ ಅಂಟಿದ ಮಣ್ಣು ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಒಂದೆರಡು ಬಿದ್ದು, ನಾಲ್ಕು ದಿನ ಬಿಸಿಲು ಕಂಡ ಮೇಲೆ ಮಣ್ಣು ಹದಕ್ಕೆ ಬರುತ್ತದೆ. ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆ ಆಗಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ಆವತ್ತು ಕೆಲಸ ಶುರು ಮಾಡಿ. ಅಷ್ಟು ಕಾಯಲು ಆಗದಿದ್ದರೆ ಬೊಡ್ಡೆ ಸುತ್ತ ಸಣ್ಣ ಕಾಲುವೆ ತೋಡಿ ಸಂಜೆ ನೀರು ತುಂಬಿಸಿ, ಇಂಗಿದ ಮೇಲೆ ಒಂದು ದಿನ ಬಿಟ್ಟು ಅಗೆಸಿ. ಆದರೆ ಇದು ಜಾಲಿಗೆ ಮಾತ್ರ, ಬೇವಿಗೆ ಬೇಡ. ಗೋಡೆ ಬುಡಕ್ಕೆ ನೀವಾಗಿ ನೀರು ಬಿಡುವುದು ಒಳ್ಳೆಯದಲ್ಲ.

ಉಪ್ಪು ಹಾಕಿ ಅಂತ ಮೇಲೆ ಒಬ್ಬರು ಹೇಳಿದ್ದಾರೆ. ದಯವಿಟ್ಟು ಬೇಡ. ಕರಿಮಣ್ಣಲ್ಲಿ ನೀರು ಸುಲಭಕ್ಕೆ ಬಸಿಯುವುದಿಲ್ಲ, ಹಾಕಿದ ಉಪ್ಪು ಅಲ್ಲೇ ಉಳಿಯುತ್ತದೆ. ಆ ಜಾಗದಲ್ಲಿ ಮುಂದೆ ಒಂದು ಮಲ್ಲಿಗೆ ಬಳ್ಳಿ ಹಚ್ಚಬೇಕೆಂದರೂ ಬರಲ್ಲ. ತೇವದ ಜೊತೆ ಉಪ್ಪು ಗೋಡೆಗೆ ಏರಿ ಪ್ಲಾಸ್ಟರ್ ಬೆಳ್ಳಗೆ ಪುಡಿಪುಡಿ ಆಗಿ ಉದುರುತ್ತದೆ. ಸೀಮೆಎಣ್ಣೆ ಸುರಿದು ಸುಡುವುದಂತೂ ಬೇಡವೇ ಬೇಡ. ಮೇಲೆ ಬೆಂಕಿ ಆರಿದ ಹಾಗೆ ಕಂಡರೂ ಒಣ ಬೇರಿನಲ್ಲಿ ಕೆಂಡ ಒಳಗೊಳಗೇ ದಿನಗಟ್ಟಲೆ ಸರಿಯುತ್ತದೆ, ಎಲ್ಲಿ ಮೇಲೆ ಬರುತ್ತದೋ ಗೊತ್ತಾಗಲ್ಲ. ಪಕ್ಕದ ಮನೆಯವರ ಕಟ್ಟಿಗೆ ರಾಶಿ ಅಲ್ಲೇ ಕಾಣುತ್ತಿದೆ ಅಲ್ವಾ? ಬೊಡ್ಡೆಗೆ ತೂತು ಕೊರೆದು ಹಿಂಗು ತುಂಬಿದರೆ ಅದು ಸಾಯುತ್ತದೆ ಎನ್ನುವ ಮಾತಿಗೆ ಇಷ್ಟೇ ಹೇಳುತ್ತೇನೆ: ಬೊಡ್ಡೆ ಸಾಯುವುದು ಬೇರೆ, ಮಣ್ಣಿಂದ ಹೋಗುವುದು ಬೇರೆ. ಸತ್ತ ಬೊಡ್ಡೆಯೂ ಅಲ್ಲೇ ಕೂತಿರುತ್ತದೆ.

ಜಾಲಿ ಸುಲಭದ್ದು, ಅದನ್ನೇ ಮೊದಲು ಮುಗಿಸಿ. ಸರ್ಕಾರಿ ಜಾಲಿ, ಅಂದರೆ ಬಳ್ಳಾರಿ ಜಾಲಿ, ಎಷ್ಟು ಸಲ ಕಡಿದರೂ ಚಿಗುರುವುದು ಯಾಕೆಂದರೆ ಅದರ ಕಣ್ಣುಗಳು ನೆಲದ ಕೆಳಗೆ ಬೊಡ್ಡೆಯ ಕತ್ತಿನಲ್ಲಿ ಇರುತ್ತವೆ. ನೆಲಮಟ್ಟಕ್ಕೆ ಕಡಿದರೆ ಒಂದರ ಬದಲು ಹತ್ತು ಕೊಂಬೆ ಬರುತ್ತವೆ. ಸುತ್ತ ಅಗೆದು ನೆಲದಿಂದ ಒಂದು ಅಡಿ ಕೆಳಗೆ ಕಡಿಸಿ, ಆ ಗೆಣ್ಣು ಗೆಣ್ಣಾದ ಭಾಗ ಪೂರ್ತಿ ಹೊರಗೆ ಬರಲಿ. ಅದಕ್ಕಿಂತ ಕೆಳಗಿನ ಬೇರು ಉಳಿದರೂ ಚಿಂತೆಯಿಲ್ಲ, ಅದು ಸಾಮಾನ್ಯವಾಗಿ ಚಿಗುರುವುದಿಲ್ಲ. ಕೆಲಸದವರ ಕಾಲಿಗೆ ಗಟ್ಟಿ ಬೂಟು ಇರಲಿ, ಜಾಲಿಮುಳ್ಳು ಚಪ್ಪಲಿ ದಾಟಿ ಬರುತ್ತದೆ.

ಇನ್ನು ಬೇವು. ಇದರಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಬೊಡ್ಡೆಯನ್ನಲ್ಲ, ಗೋಡೆಯನ್ನು. ಬೇವಿನ ದಪ್ಪ ಬೇರು ಒಂದೆರಡಾದರೂ ಪಾಯದ ಕೆಳಗೆ ಹೋಗಿರುತ್ತವೆ. ಚೈನ್ ಪುಲ್ಲಿ ಕಟ್ಟಿ ಎಳೆಸೋಣ, ರಸ್ತೆಯಿಂದ ಟ್ರ್ಯಾಕ್ಟರ್‌ಗೆ ಹಗ್ಗ ಹಾಕೋಣ ಅಂತ ಯಾರಾದರೂ ಹೇಳುತ್ತಾರೆ. ಆ ಬೇರು ಕಡಿಯದೆ ಎಳೆದರೆ ಬೊಡ್ಡೆ ಜೊತೆ ಗೋಡೆಯೂ ಏಳುತ್ತದೆ. ಹಗ್ಗ ಹರಿದರೆ ಎದುರಿಗೆ ಇದ್ದವರ ಗತಿ ಏನು? ಅದಕ್ಕೇ ಗೋಡೆ ಕಡೆಯ ಬೇರನ್ನೇ ಮೊದಲು ಬಿಡಿಸಿ ಕಡಿಸಿ. ಗೋಡೆ ಕೆಳಗೆ ಹೋದ ತುಂಡು ಅಲ್ಲೇ ಇರಲಿ, ಅದನ್ನು ಕೆದಕಿ ತೆಗೆಯುವ ಹಟ ಬೇಡ.

ಬೇರು ಕಡಿಯುವುದರಲ್ಲಿ ಒಂದು ರೀತಿ ಇದೆ. ಗುದ್ದಲಿಯಿಂದ ಮಣ್ಣು ಸರಿಸಿ ಬೇರು ಪೂರ್ತಿ ಕಾಣುವ ಹಾಗೆ ಮಾಡಿ, ಕೆಳಗೂ ಕೈ ಆಡುವಷ್ಟು ಜಾಗ ಇರಬೇಕು. ಆಮೇಲೆ ಒಂದು ತಂಬಿಗೆ ನೀರು ಹಾಕಿ ಹಳೇ ಬಟ್ಟೆಯಿಂದ ಮಣ್ಣು ಒರೆಸಿ. ಸುಮ್ನೆ ಹೇಳುತ್ತಿಲ್ಲ, ಬೇರಿಗೆ ಅಂಟಿದ ಒಂದು ಸಣ್ಣ ಹರಳು ಸಾಕು, ಕೊಡಲಿಯ ಬಾಯಿ ಹೋಗುತ್ತದೆ, ಮಷಿನ್ ಗರಗಸವಾದರೆ ಅದರ ಹಲ್ಲೂ ಹೋಗುತ್ತದೆ. ಒಂದೇ ಕಡೆ ಕಡಿದು ಬಿಡಬೇಡಿ. ಬೊಡ್ಡೆ ಹತ್ತಿರ ಒಂದು ಏಟು, ಅಲ್ಲಿಂದ ಒಂದು ಮೊಳ ಆಚೆ ಇನ್ನೊಂದು, ನಡುವಿನ ತುಂಡು ಎತ್ತಿ ಹೊರಗೆ ಹಾಕಿ. ಆಗಲೇ ಮುಂದಿನ ಬೇರಿಗೆ ಕೊಡಲಿ ಬೀಸಲು ಜಾಗ ಸಿಗುವುದು. ಸುತ್ತಲಿನ ಬೇರು ಮುಗಿದ ಮೇಲೆ ಹಾರೆ ಕೊಟ್ಟು ಅಲ್ಲಾಡಿಸಿ ನೋಡಿ, ಯಾವ ಕಡೆ ಹಿಡಿದಿದೆಯೋ ಅಲ್ಲಿ ಇನ್ನೂ ಬೇರು ಇದೆ ಅಂತ ಅರ್ಥ. ಕೊನೆಗೆ ಬಗ್ಗಿಸಿ ತಾಯಿಬೇರು ಕಡಿಯುವುದು. ನಿಮ್ಮ ಮರ ಕಡಿದವರು ನೆಲಮಟ್ಟಕ್ಕೆ ಕಡಿದು ಹೋಗಿದ್ದಾರೆ. ಮೂರು ನಾಲ್ಕು ಅಡಿ ಕಾಂಡ ಬಿಟ್ಟಿದ್ದರೆ ಅದನ್ನೇ ಹಿಡಿದು ಅಲ್ಲಾಡಿಸಬಹುದಿತ್ತು. ಮರ ಕಡಿಸಬೇಕೆಂದಿರುವ ಉಳಿದವರು ಇದನ್ನು ನೆನಪಿಡಿ. ಮರ ಕಡಿಸುವುದಕ್ಕೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಇದೆ, ನಿಮ್ಮ ಮರಕ್ಕೆ ಅನುಮತಿ ಬೇಕೇ ಅಂತ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಅಗೆಯುವ ಮುಂಚೆ ನೀರಿನ ಪೈಪು, ಚರಂಡಿ ಪೈಪು, ಕರೆಂಟಿನ ಅರ್ಥಿಂಗ್ ಎಲ್ಲಿ ಹೋಗಿದೆ ಅಂತ ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಿಕೊಳ್ಳಿ. ಫೋಟೋದಲ್ಲಿ ಮೀಟರ್ ಬೋರ್ಡ್ ಬೇವಿನ ಹತ್ತಿರವೇ ಇದೆ.

ಗೋಡೆಯಲ್ಲಿ ಈಗಾಗಲೇ ಬಿರುಕು ಇದ್ದರೆ ಬೇವನ್ನು ಪೂರ್ತಿ ತೆಗೆಸಲೇಬೇಡಿ ಎನ್ನುವುದು ನನ್ನ ಸಲಹೆ. ಒಂದೂವರೆ ಅಡಿ ಕೆಳಗಿನವರೆಗೆ ಕಡಿಸಿ, ಉಳಿದ ಭಾಗದ ತೊಗಟೆ ಸುಲಿಸಿ ಮುಚ್ಚಿಬಿಡಿ. ತೊಗಟೆ ಇದ್ದರೆ ಬೇವು ಮತ್ತೆ ಚಿಗುರುತ್ತದೆ. ಚಿಗುರು ಬಂದಾಗಲೆಲ್ಲ ಬೆರಳುದ್ದ ಇರುವಾಗಲೇ ಮುರಿದು ಹಾಕಿ, ಎಲೆ ಬಿಡಲು ಬಿಡದಿದ್ದರೆ ಬೇರಿನಲ್ಲಿದ್ದ ಶಕ್ತಿ ಮುಗಿಯುತ್ತದೆ. ತೂತು ಕೊರೆದು ಯೂರಿಯಾ, ಸಗಣಿ ನೀರು ಹಾಕಿ ಒದ್ದೆ ಗೋಣಿಚೀಲ ಮುಚ್ಚಿದರೆ ಕೊಳೆಯುವುದು ನಿಜ, ಆದರೆ ಬೇವು ಒಂದು ಮಳೆಗಾಲಕ್ಕೆ ಕೊಳೆಯುವ ಕಟ್ಟಿಗೆಯಲ್ಲ. ಅಷ್ಟು ದಿನ ಗೋಡೆ ಪಕ್ಕ ತೇವ ಇಡುವುದೂ ನನಗೆ ಇಷ್ಟವಿಲ್ಲ.

ಗುಂಡಿ ಮುಚ್ಚುವುದಕ್ಕೆ ಯಾರೂ ಗಮನ ಕೊಡುವುದಿಲ್ಲ, ಪರ್ಸಿ ಕೆಡುವುದು ಮಾತ್ರ ಅಲ್ಲೇ. ತೆಗೆದ ಕರಿಮಣ್ಣನ್ನೇ ವಾಪಸ್ ತುಂಬಿದರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪರ್ಸಿಯ ಒಂದು ಮೂಲೆ ಮೇಲೆ, ಇನ್ನೊಂದು ಕೆಳಗೆ. ಮುರುಮ್ (ಗರಸು ಮಣ್ಣು) ತರಿಸಿ, ಗೇಣು ಗೇಣು ದಪ್ಪಕ್ಕೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ ದಿಮ್ಮಸ ಹೊಡೆಸಿ, ಆಮೇಲೆ ಮುಂದಿನ ಪದರ. ಗೋಡೆ ಪಕ್ಕದ ಗುಂಡಿಯನ್ನು ಅದೇ ದಿನ ಮುಚ್ಚಿಸಿ, ರಾತ್ರಿ ಮಳೆ ಬಂದು ನೀರು ನಿಂತರೆ ಪಾಯಕ್ಕೆ ಇಳಿಯುತ್ತದೆ. ಇಷ್ಟು ವರ್ಷ ಆ ಮರ ಎಳೆಯುತ್ತಿದ್ದ ನೀರು ಇನ್ನು ಮಣ್ಣಲ್ಲೇ ಉಳಿಯುತ್ತದೆ, ಹಾಗಾಗಿ ಅಲ್ಲಿನ ಮಣ್ಣು ಒಂದೆರಡು ಮಳೆಗಾಲ ಸ್ವಲ್ಪ ಉಬ್ಬಬಹುದು. ಅದಕ್ಕೇ ಶಹಾಬಾದ್ ಪರ್ಸಿಯನ್ನು ಈ ಮಳೆಗಾಲ ಕಳೆದು ದೀಪಾವಳಿ ಆದ ಮೇಲೆ ಹಾಕಿಸಿ. ಬೇವಿನ ಜಾಗದಲ್ಲಿ ಸಿಮೆಂಟ್ ಬೇಡ, ಮರಳಿನ ಮೇಲೆ ಕೂರಿಸಿ, ಕುಸಿದರೆ ಎತ್ತಿ ಸರಿಮಾಡಬಹುದು.

ಗೋಡೆ ಕಡೆಯಿಂದ ಇನ್ನೊಂದು ಫೋಟೋ ಹಾಕಿ, ಹೊರಗಿನ ಓಣಿ ಕಡೆಯದ್ದೂ ಬೇಕು. ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಅದನ್ನು ನೋಡಿ ಪೂರ್ತಿ ತೆಗೆಸಬೇಕೋ, ಮೇಲಿನ ಭಾಗ ಮಾತ್ರವೋ ಹೇಳುತ್ತೇನೆ.